ಫ್ಲಾವಿಯಾನಕ್ಕನ ಪುಟ

ಫಿಲಿಪ್ಪೀನ್ಸಿನ ಇಲೊಯಿಲೊ ಊರಿನ ನಮ್ಮ ಸಾರ್ವಜನಿಕ ಗ್ರಂಥಾಲಯದ ಆನ್‌ಲೈನ್ ಓದುಕೂಟವನ್ನು ಹಟ ಹಿಡಿದು ಕಟ್ಟಿದವಳು ನಾನು. ಎಲ್ಲರೂ ಅವರವರ ಮನೆಯಲ್ಲೇ ಕೂತು, ಒಂದೇ ಕಾದಂಬರಿಯನ್ನು ಸರದಿಯಂತೆ ಒಂದೊಂದು ಪುಟ ಗಟ್ಟಿಯಾಗಿ ಓದುತ್ತೇವೆ. ಎಲ್ಲರಿಗಿಂತ ಹಿರಿಯಳಾದ ಫ್ಲಾವಿಯಾನಕ್ಕ ಬೀಸಣಿಗೆ ಬೀಸಿಕೊಳ್ಳುತ್ತಲೇ ಓದುತ್ತಿದ್ದಳು.

ಆಕೆ ತೀರಿಕೊಂಡಾಗ ಮಧ್ಯಾಹ್ನ ಹೋಗಿ ಮುಖ ನೋಡಿ ಬಂದೆ. ಸಾವಿನ ಮನೆಯಿಂದ ನಮ್ಮವರು ನೇರ ಮನೆಗೆ ಹೋಗುವುದಿಲ್ಲ. ಸತ್ತವರ ಆತ್ಮ ಹಿಂದೆ ಬಂದಿದ್ದರೆ ದಾರಿ ತಪ್ಪಲಿ ಎಂದು ನಡುವೆ ಎಲ್ಲಾದರೂ ಇಳಿಯುತ್ತೇವೆ. ನಾನು ಗ್ರಂಥಾಲಯದಲ್ಲಿ ಇಳಿದು, ಓದುವ ಹೊತ್ತಾಯಿತೆಂದು ಅಲ್ಲಿನ ಕಂಪ್ಯೂಟರಿನಲ್ಲಿ ಓದುಕೂಟ ತೆರೆದೆ.

ಇಸಾಗಾನಿ ತನ್ನ ಪುಟ ಮುಗಿಸಿದ. ಮುಂದಿನದು ಅಕ್ಕನ ಸರದಿ. ಬೀಸಣಿಗೆಯ ಸದ್ದು ಕೇಳಿಸಿತು. ನನ್ನ ಕತ್ತಿನ ಬೆವರು ತಣ್ಣಗಾಯಿತು.

“ಕಂಪ್ಯೂಟರ್ ಮುಚ್ಚೇ ಮಾರಾಯ್ತಿ! ಅಕ್ಕನ್ನ ನಮ್ಮೆಲ್ರ ಮನೆಗೂ ಕರ್ಕೊಂಡ್ ಬಂದ್ಬಿಟ್ಯಲ್ಲೇ!” ಎಂದ ಇಸಾಗಾನಿ.

“ಬಂದ್ರೆ ಬರ್ಲಿ. ಪುಸ್ತಕ ಮುಗಿಯೋವರ್ಗೂ ನಾನು ಮುಚ್ಚಲ್ಲ,” ಎಂದೆ.

ಎಷ್ಟೋ ಹೊತ್ತಿನ ಮೇಲೆ ಸದ್ದು ನಿಂತಿತು. ಮುಂದಿನವಳು ಓದತೊಡಗಿದಳು, ಒಂದು ಪುಟ ಬಿಟ್ಟು. ಯಾರೂ ತಡೆಯಲಿಲ್ಲ.

ಹೇಳಿದಂತೆ ಪುಸ್ತಕ ಮುಗಿಸಿದೆವು. ನಡುವಿನ ಆ ಪುಟವನ್ನು ಇವತ್ತಿಗೂ ನಮ್ಮಲ್ಲಿ ಒಬ್ಬರೂ ಓದಿಲ್ಲ. ಅದರಲ್ಲೇನಿದೆ ಎಂದು ಕೇಳಿ ನೋಡಿ, ಎಲ್ಲರೂ ಅಕ್ಷರ ತಪ್ಪದೆ ಹೇಳುತ್ತಾರೆ.