ಬೀಗದ ತಾತನ ಹೊಸ ನಂಬರು

ವೀಲ್ ಸ್ಪ್ಯಾನರ್ ನನ್ನ ಕಿವಿಯಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತ್ತು.

"ಎಲ್ಲಿ ನನ್ನ ಅಕೌಂಟು? ಹೇಳ್ತೀಯೋ, ತಲೆ ಒಡೀಲೋ?"

ನಾನು ಅಲ್ಲಾಡಲಿಲ್ಲ. ಅಲ್ಲಾಡಲು ಜಾಗವೂ ಇರಲಿಲ್ಲ! ನನ್ನ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಸಂದು. ಎರಡು ಸ್ಟೂಲು, ಒಂದು ಬೆಂಚು, ಗೋಡೆ ತುಂಬ ನೇತಾಡುವ ಬೀಗದ ಕೈಗಳು. ಅಷ್ಟೆ.

"ಯಾವ ಅಕೌಂಟಪ್ಪಾ?"

"ನಾಟಕ ಆಡ್ಬೇಡ ಮುದುಕಾ! ಗೇಮ್ ಅಕೌಂಟು! ಒಂಬತ್ತು ವರ್ಷದ್ದು!"

ಆಳು ಬಾಗಿಲಿನಷ್ಟು ಅಗಲ. ಹೊರಗೆ ಅವನ ಆಂಬ್ಯುಲೆನ್ಸ್, ಎಂಜಿನ್ ಆರಿಸದೆ ನಿಂತಿತ್ತು. ಸ್ಪ್ಯಾನರ್ ಹಿಡಿದ ಕೈ ನಡುಗುತ್ತಿತ್ತು. ನಡುಗುವ ಕೈ ಕೆಟ್ಟದ್ದು ನೋಡಿ... ಹೊಡೆಯುವ ಮನಸ್ಸಿಲ್ಲದಿದ್ದರೂ ಹೊಡೆದುಬಿಡುತ್ತದೆ.

"ಕೂತ್ಕೊ. ಕೂತೂ ಹೊಡೀಬಹುದು."

ಅವನು ಕೂರಲಿಲ್ಲ. ಫೋನನ್ನು ನನ್ನ ಮೂಗಿಗೆ ಹಿಡಿದ. ಪರದೆಯ ಮೇಲೆ ನನ್ನದೇ ಫೋಟೋ, ಕೆಳಗೆ ಏನೋ ಬರಹ!

ಇಲ್ಲಿ ಒಂದು ಮಾತು ಹೇಳಬೇಕು. ನಾನು ಗೇಮ್ ಆಡಿದವನಲ್ಲ. ನನಗೆ ಗೊತ್ತಿರುವುದು ಬೀಗ. ಮನೆ ಕೊಂಡವನು ಹೊಸ ಬೀಗ ಹಾಕದಿದ್ದರೆ, ಮಾರಿದವನ ಜೇಬಿನಲ್ಲಿ ಒಂದು ಬೀಗದ ಕೈ ಉಳಿದೇ ಇರುತ್ತದೆ. ವರ್ಷಗಟ್ಟಲೆ ಆಡಿ ಬೆಳೆಸಿ ದುಡ್ಡಿಗೆ ಮಾರುವ ಗೇಮ್ ಅಕೌಂಟೂ ಅಷ್ಟೆ. ಅದಕ್ಕೇ ಮಾರುವವನು, ಕೊಳ್ಳುವವನು ಇಬ್ಬರೂ ನನ್ನ ಬೆಂಚಿನ ಮುಂದೆ ಕೂರಬೇಕು. ಹಳೆ ಮೇಲ್ ತೆಗೆಯಬೇಕು, ಹಳೆ ನಂಬರ್ ತೆಗೆಯಬೇಕು, ಬೇರೆ ಫೋನುಗಳಲ್ಲಿ ತೆರೆದಿದ್ದರೆ ಎಲ್ಲ ಮುಚ್ಚಿಸಬೇಕು. ದುಡ್ಡು ಕಳಿಸಿದೆ ಎಂದು ಕೊಳ್ಳುವವನು ಫೋಟೋ ತೋರಿಸಿದರೆ ನಾನು ಒಪ್ಪುವುದಿಲ್ಲ. ಮಾರುವವನು ತನ್ನ ಬ್ಯಾಂಕನ್ನು ತಾನೇ ತೆರೆದು ನೋಡಬೇಕು. ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ಆರು ವರ್ಷದಿಂದ ಹೀಗೆ ನಡೆದಿದೆ. 'ಬೀಗದ ತಾತ' ಎಂದರೆ ಆಟದವರ ಗ್ರೂಪಿನಲ್ಲಿ ಕಣ್ಣು ಮುಚ್ಚಿ ನಂಬುತ್ತಾರೆ.

ಈಗ ಆ ಹೆಸರಿನ ಮೇಲೆ ಇವನು ಸ್ಪ್ಯಾನರ್ ಎತ್ತಿದ್ದ.

"ಏನು ಬರೆದಿದೆ? ಓದು."

"ನೀನೇ ಬರೆದಿರೋದು, ನೀನೇ ಓದು!"

"ನನಗೆ ಎದೆ ಸೀಳಿದ್ರೂ ಎರಡಕ್ಷರ ಇಲ್ಲ ಕಣಪ್ಪಾ. ನಾನು ಬರೀ ವಾಯ್ಸ್ ಮೆಸೇಜ್ ಕಳಿಸೋನು. ಗ್ರೂಪಿನಲ್ಲಿ ಯಾರನ್ನ ಬೇಕಾದ್ರೂ ಕೇಳು."

ಸ್ಪ್ಯಾನರ್ ಕೆಳಗಿಳಿಯಿತು. ಆಳೂ ಕುಸಿದು ಕೂತ.

"ಹಂಗಾದ್ರೆ... ಯಾರು ಬರೆದಿದ್ದು?"

"ಮೊದಲಿಂದ ಹೇಳು."

ಹೇಳಿದ. ಮಗಳಿಗೆ ಐದು ವರ್ಷ, ಕಿವಿ ಕೇಳಿಸದು. ಮಿಷನ್ ಹಾಕಿಸಿದರೆ ಕೇಳಿಸುತ್ತದೆ, ತಡಮಾಡಿದರೆ ಮಾತು ಬರುವುದು ಕಷ್ಟ ಎಂದಿದ್ದರು ಡಾಕ್ಟರು. ಆಸ್ಪತ್ರೆ ಬಾಗಿಲಲ್ಲಿ ಕಾಯುತ್ತ ಕಾಯುತ್ತ ಕಟ್ಟಿದ ಅಕೌಂಟು, ಅವನಲ್ಲಿದ್ದ ಒಂದೇ ಆಸ್ತಿ. ಕೊಳ್ಳುವವನೂ ಸಿಕ್ಕಿದ್ದ. ಹೋದ ಮಂಗಳವಾರ ನನ್ನ ನಂಬರಿಗೆ ಬರೆದು ಕೇಳಿದ್ದ, ಯಾವಾಗ ಬರಲಿ ಎಂದು. ಉತ್ತರ ಬೇರೆ ನಂಬರಿನಿಂದ ಬಂತು. 'ಇದು ನನ್ನ ಹೊಸ ನಂಬರು. ಪಾಸ್‌ವರ್ಡ್ ಕಳಿಸು, ಚೆಕ್ ಮಾಡ್ತೀನಿ. ಕೋಡ್ ಬರುತ್ತೆ, ಅದನ್ನೂ ಕಳಿಸು.'

"ಕಳಿಸಿದೆಯಾ?"

"ಬೀಗದ ತಾತ ಅಲ್ವಾ ಅಂತ..."

"ಈಗ ಎಲ್ಲಿದೆ ಅಕೌಂಟು?"

"ಮಾರಾಟಕ್ಕೆ ಇಟ್ಟಿದಾನೆ! ಐದು ಗಂಟೆಗೆ ಕೈ ಬದಲಾಗುತ್ತೆ! ಮೂರನೆಯವನ ಕೈಗೆ ಹೋದ್ರೆ ಮುಗೀತು ತಾತ..."

ಗಡಿಯಾರ ನೋಡಿದೆ. ನಾಲ್ಕೂ ಹತ್ತು.

ಮಂಗಳವಾರ... ಓದಲು ಬಾರದವನಿಗೆ ನೆನಪೇ ಪುಸ್ತಕ. ಹಾಳೆ ತಿರುವಿದೆ. ಅಂದು ಮಧ್ಯಾಹ್ನ ನನ್ನ ಫೋನು ಗುಂಯ್ ಎಂದಿತು. ಬರೆದ ಮೆಸೇಜು. ಎಂದಿನಂತೆ ಎದುರಿನ ಜೆರಾಕ್ಸ್ ಅಂಗಡಿಯವನ ಕೈಗೆ ಕೊಟ್ಟೆ. ನನ್ನನ್ನು ಮಾವ ಎನ್ನುತ್ತಾನೆ, ನಾನು ಅವನನ್ನು ಅಳಿಯ ಎನ್ನುತ್ತೇನೆ. ಹೆಬ್ಬೆರಳಿಗೆ ಮಸಿ ಹತ್ತಿತ್ತು. ಓದಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ. ಆಮೇಲೆ ಹೇಳಿದ: "ಯಾರೋ ಬೀರು ಕೀ ಕಳ್ಕೊಂಡಿದಾರೆ ಮಾವ. ದೂರದವರು, ಬಿಡಿ."

ಬಿಟ್ಟಿದ್ದೆ!

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಎದ್ದೆ. ರಸ್ತೆಯಾಚೆ ಜೆರಾಕ್ಸ್ ಅಂಗಡಿಯ ಗಾಜಿನ ಹಿಂದೆ ಅವನು ನಮ್ಮನ್ನೇ ನೋಡುತ್ತಿದ್ದ. ನಾನು ಬೆರಳೂ ತೋರಿಸಲಿಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡ... ಹಿಂಬಾಗಿಲಿನಿಂದ ಓಟ! ಸ್ಕೂಟರ್ ಗುಡುಗಿತು.

"ಗಾಡಿ ತೆಗಿ!"

ಆಂಬ್ಯುಲೆನ್ಸ್ ಜಿಗಿಯಿತು. ಎರಡು ತಿರುವು ದಾಟಿದೆವು. ಮೂರನೆಯದರಲ್ಲಿ ಸಿಗ್ನಲ್ ಕೆಂಪು. ಮುಂದೆ ನೂರು ಗಾಡಿ. ಸ್ಕೂಟರ್ ಸಂದಿಯಲ್ಲಿ ನುಸುಳಿ ಮಾಯ!

"ಸೈರನ್ ಹಾಕಪ್ಪಾ!"

"ಇಲ್ಲ ತಾತ."

"ಯಾಕೋ?"

"ಒಳಗೆ ಪೇಷೆಂಟ್ ಇಲ್ಲ. ಸುಳ್ಳು ಸೈರನ್ ಹಾಕಿದ್ರೆ, ನಾಳೆ ನಿಜದ್ದಕ್ಕೂ ಯಾರೂ ದಾರಿ ಬಿಡಲ್ಲ."

ಮಗಳ ಕಿವಿ ಕೈತಪ್ಪುತ್ತಿದೆ, ಆದರೂ ಸ್ವಿಚ್ ಮುಟ್ಟಲಿಲ್ಲ. ಆಗಲೇ ನಿರ್ಧರಿಸಿದೆ, ಇವನ ಅಕೌಂಟು ವಾಪಸ್ ಬರಲೇಬೇಕು.

"ಹಸಿರು ಬಂದ್ರೆ ಎಡಕ್ಕೆ ತಿರುಗಿಸು. ಟೈರ್ ಅಂಗಡಿ."

"ಅಲ್ಲೇನಿದೆ?"

"ಹೋದ ವರ್ಷ ಅದರ ಮೂರನೇ ಮಹಡಿ ರೂಮಿಗೆ ಅವನಿಗೆ ಕೀ ಮಾಡಿಕೊಟ್ಟಿದ್ದೆ. ಪೇಪರ್ ಬಂಡಲ್ ಇಡೋಕೆ ಅಂದ. ಯಾವ ದಡ್ಡ ಪೇಪರ್ ಬಂಡಲನ್ನ ಮೂರು ಮಹಡಿ ಹೊರ್ತಾನೆ?"

ಸ್ಕೂಟರ್ ಅಲ್ಲೇ ಇತ್ತು. ಎಂಜಿನ್ ಮುಟ್ಟಿದೆ. ಸುಡುತ್ತಿತ್ತು!

ಮೂರು ಮಹಡಿ. ನನ್ನ ಮೊಣಕಾಲು ಪ್ರತಿ ಮೆಟ್ಟಿಲಿಗೂ ಬೈಯಿತು. ಕಿಟಕಿಯಿಲ್ಲದ ರೂಮು, ಒಳಗಿನಿಂದ ಲಾಕ್. ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಐದು ಗಂಟೆವರೆಗೂ ಯಾಕೆ ಬ್ರದರ್? ಈಗಲೇ ಮುಗಿಸೋಣ. ಬೀಗದ ತಾತನ ಗ್ಯಾರಂಟಿ..."

ಡ್ರೈವರ್ ಸ್ಪ್ಯಾನರ್ ಎತ್ತಿದ. ಕೈ ಹಿಡಿದೆ.

"ಬಾಗಿಲು ಒಡೆದ್ರೆ ನೀನೇ ಕಳ್ಳ ಆಗ್ತೀಯ."

"ಹಂಗಾದ್ರೆ ನೀನು ತೆಗಿ! ನಿನಗೆ ಅರ್ಧ ನಿಮಿಷದ ಕೆಲಸ!"

ಸುಳ್ಳಲ್ಲ. ಕಾಲು ನಿಮಿಷ ಸಾಕು. ಆದರೆ ನಲವತ್ತೊಂದು ವರ್ಷದಲ್ಲಿ ಒಡೆಯನ ಮಾತಿಲ್ಲದೆ ಒಂದು ಬಾಗಿಲನ್ನೂ ನಾನು ತೆಗೆದಿಲ್ಲ. ಇವತ್ತೂ ತೆಗೆಯುವುದಿಲ್ಲ.

ಬೀಗ ಹಾಕಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಹೆಗಲಿಗಿದ್ದ ಬೀಗದ ಚೀಲಕ್ಕೆ ಕೈ ಹಾಕಿದೆ. ಮುಷ್ಟಿ ಗಾತ್ರದ ಹಿತ್ತಾಳೆ ಬೀಗ. ಹೊರಗಿನ ಕೊಂಡಿಗೆ ಸಿಕ್ಕಿಸಿ ಒತ್ತಿದೆ.

ಟಕ್!

ಒಳಗೆ ಮಾತು ನಿಂತಿತು.

"ಯಾ... ಯಾರದು?"

"ನಿನ್ನ ಮಾವ."

ಒಳಗೆ ಲಾಕ್ ತಿರುಗಿತು. ಬಾಗಿಲು ಅಲುಗಿತು, ತೆರೆಯಲಿಲ್ಲ.

"ಮಾವ! ಏನಿದು! ಪೊಲೀಸಿಗೆ ಫೋನ್ ಮಾಡ್ತೀನಿ!"

"ಮಾಡಪ್ಪಾ. ಬಂದವರು ನಿನ್ನ ಫೋನನ್ನೂ ನೋಡ್ತಾರೆ."

ಬಾಗಿಲನ್ನು ಒಳಗಿನಿಂದ ಒಮ್ಮೆ ಗುದ್ದಿದ.

"ಅಕೌಂಟು ಮಾರಿಬಿಡ್ತೀನಿ! ಈಗಲೇ!"

"ಮಾರು. ನಾನು ಗ್ರೂಪಿಗೆ ಒಂದೇ ಒಂದು ವಾಯ್ಸ್ ಮೆಸೇಜ್ ಹಾಕ್ತೀನಿ, ಈ ರೂಮಿನ ಅಡ್ರೆಸ್. ನನ್ನ ಹೆಸರಲ್ಲಿ ಎಷ್ಟು ಜನಕ್ಕೆ ಟೋಪಿ ಹಾಕಿದೀಯೋ ನನಗೆ ಗೊತ್ತಿಲ್ಲ. ಮೆಟ್ಟಿಲು ಚಿಕ್ಕದು ಅಳಿಯಾ... ಒಂದು ಹದಿನೈದು ಜನ ಹಿಡಿಸಬಹುದು."

ಒಳಗೆ ಅವನು ಅತ್ತಿತ್ತ ಓಡಾಡಿದ ಸದ್ದು ಕೇಳಿಸಿತು.

"ಏನ್ ಮಾಡ್ಬೇಕು?"

ಡ್ರೈವರ್ ಕಡೆ ತಿರುಗಿದೆ. "ಪಾಸ್‌ವರ್ಡ್ ಮರೆತಿದೀನಿ ಅಂತ ಒತ್ತು. ಅಕೌಂಟಿಗೆ ಈಗ ಅವನ ನಂಬರೇ ಇರೋದು, ಕೋಡ್ ಅವನಿಗೆ ಹೋಗುತ್ತೆ."

ಒತ್ತಿದ. ಒಳಗೆ ಫೋನು ಟಿಣ್ ಎಂದಿತು.

"ಅಳಿಯಾ, ಓದಿ ಹೇಳು. ಈ ಸಲ ಸರಿಯಾಗಿ ಓದು."

ಆರು ಅಂಕಿಗಳು ಬಾಗಿಲ ಸಂದಿಯಿಂದ ಒಂದೊಂದಾಗಿ ಬಂದವು. ಡ್ರೈವರನ ದಪ್ಪ ಬೆರಳು ಎರಡು ಸಲ ತಪ್ಪಿತು. ಮೂರನೇ ಸಲ...

"ಬಂತು ತಾತ! ಒಳಗಿದೀನಿ!"

"ಕುಣೀಬೇಡ. ಮೇಲ್ ಬದಲಿಸು. ನಂಬರ್ ಬದಲಿಸು."

ಮತ್ತೊಂದು ಕೋಡು ಬಂತು. ಅದನ್ನೂ ಓದಿಸಿದೆ.

"ಈಗ ಬೇರೆ ಫೋನುಗಳನ್ನೆಲ್ಲ ಆಚೆ ತಳ್ಳು."

ಒಳಗಿನಿಂದ ಒಂದು ನರಳಿಕೆ. ಆಚೆ ಬಿದ್ದಿದ್ದ!

ನನ್ನ ಫೋಟೋ ಹಾಕಿ ಆ 'ಹೊಸ ನಂಬರಿ'ನಲ್ಲಿ ನಡೆಸುತ್ತಿದ್ದ ಸುಳ್ಳು ಅಂಗಡಿಯನ್ನೂ ಅವನ ಕೈಯಿಂದಲೇ ಮುಚ್ಚಿಸಿದೆ. ಡ್ರೈವರ್ ನೋಡಿ ಹೌದೆಂದ. ನಾಲ್ಕೂ ಐವತ್ತೆರಡು. ಅವನು ಮೆಟ್ಟಿಲ ಮೇಲೆ ಕೂತು, ಆ ಬಾಗಿಲಗಲದ ಆಳು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ನಾಳೆ ಬೆಳಿಗ್ಗೆ ಕೊಳ್ಳೋನನ್ನ ಕರ್ಕೊಂಡು ನನ್ನ ಬೆಂಚಿಗೆ ಬಾ. ಸ್ಪ್ಯಾನರ್ ಗಾಡೀಲೇ ಇರ್ಲಿ."

ಇಳಿಯತೊಡಗಿದೆವು.

"ಮಾವಾ! ಎಲ್ಲಾ ಮಾಡಿದ್ನಲ್ಲ! ಕೀ... ಕೀ ಕೊಡಿ!"

ನ್ಯಾಯದ ಮಾತು. ಹಿಂದಿರುಗಿದೆ. ಬಗ್ಗಿ, ಬೀಗದ ಕೈಯನ್ನು ಬಾಗಿಲ ಕೆಳಗಿನಿಂದ ಒಳಕ್ಕೆ ತಳ್ಳಿದೆ. ಕಿಣಿ ಕಿಣಿ ಎಂದು ಅವನ ಕಾಲ ಬಳಿ ಹೋಗಿ ನಿಂತಿತು.

"ಆದ್ರೆ... ಬೀಗ ಹೊರಗಿದೆ ಮಾವ!"

"ಕೀ ನಿನ್ನ ಕೈಯಲ್ಲೇ ಇದೆಯಲ್ಲ ಅಳಿಯಾ... ನಂಬಿಕಸ್ತರು ಯಾರಾದ್ರೂ ಸಿಕ್ಕಿದ್ರೆ, ಕೊಟ್ಟು ನೋಡು!"