ಗ್ರೇಲಿಂಗ್ ಸಾಹೇಬನ ಕೊನೆಯ ಕೇಸು

ಸನ್ಮಾನದ ಶಾಲು ಹೊದ್ದ ಶಾಂತಾರಾಮ ಹೆಗಡೆಯವರು ಮೈಕಿನ ಮುಂದೆ ನಿಂತು "ಗ್ರೇಲಿಂಗ್ ನನ್ನ ಮಾನಸಪುತ್ರ" ಎಂದಾಗ, ಶಿರಸಿಯ ಆ ಸಭಾಭವನದ ಕೊನೆಯ ಸಾಲಿನಲ್ಲಿ ಕೂತಿದ್ದ ಮಧುಕೇಶ್ವರ ಭಟ್ಟನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ತಟ್ಟದೆ ಉಪಾಯವಿರಲಿಲ್ಲ. ಭಾಷಣದ ಕೊನೆಗೆ ಹೆಗಡೆಯವರು ಅವನನ್ನೂ ನೆನೆದರು. "ನಮ್ಮ ಪ್ರೆಸ್ಸಿನ ಮಧುಕೇಶ್ವರ, ನನ್ನ ಅಲ್ಪವಿರಾಮ ತಿದ್ದುವವ" ಎಂದರು. ಜನ ನಕ್ಕರು.

ಗ್ರೇಲಿಂಗ್ ಸಾಹೇಬನೆಂದರೆ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ಪತ್ತೇದಾರ. ಅವನನ್ನು ಹುಟ್ಟಿಸಿದ ಇಂಗ್ಲಿಷ್ ಲೇಖಕ ಸತ್ತು ಎಷ್ಟೋ ಕಾಲವಾಗಿತ್ತು. ಹೆಗಡೆಯವರ ಮಾಸಪತ್ರಿಕೆಗೆ ಆ ಸಾಹೇಬನ ಹೊಸ ಕತೆಗಳನ್ನು ಕಟ್ಟುತ್ತಿದ್ದವನು ಅವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಮಧುಕೇಶ್ವರ. ಕಾಗದದ ಮೇಲೆ ಬರೆಯುವ ಗೋಜಿಗೂ ಹೋಗುತ್ತಿರಲಿಲ್ಲ. ನಿಂತಲ್ಲೇ ತಲೆಯಿಂದ ನೇರ ಸೀಸದ ಅಕ್ಷರಕ್ಕೆ ಇಳಿಸುತ್ತಿದ್ದ. ಅಚ್ಚಾದ ಮೇಲೆ ಮೊಳೆಗಳು ಮತ್ತೆ ತಮ್ಮ ತಮ್ಮ ಖಾನೆ ಸೇರುತ್ತಿದ್ದವು. ಕತೆ ಅವನದು ಎನ್ನುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. "ನಿನ್ನ ಹೆಸರು ಹಾಕಿದ್ರೆ ಯಾರು ಓದ್ತ ಮಾರಾಯಾ?" ಎಂದು ಹೆಗಡೆಯವರು ಮೊದಲ ಕತೆಗೇ ಕೇಳಿ ತಮ್ಮ ಹೆಸರು ಹಾಕಿಕೊಂಡಿದ್ದರು.

ಅದನ್ನವನು ನುಂಗಿಕೊಂಡಿದ್ದ. ನುಂಗಲಾಗದ್ದು ಸನ್ಮಾನದ ಮರುದಿನ ಬಂತು.

"ಎಲ್ಲ ಕತೆ ಸೇರಿ ಪುಸ್ತಕ ಬತ್ತು. ಪತ್ರಿಕೆ ಇನ್ನು ಸಾಕು, ನಿಲ್ಲಿಸ್ತೆ. ಮುಂದಿನ ಕತೇಲಿ ಗ್ರೇಲಿಂಗನ್ನ ಕೊಂದುಬಿಡು," ಎಂದರು ಹೆಗಡೆ.

"ಕೊಲ್ಲದಾ?"

"ಥೇಮ್ಸ್ ನದಿಲಿ ಮುಳುಗ್ಸು. ಓದಿದವ್ವು ಅಳವು ನೋಡು."

ಅಷ್ಟು ಹೇಳಿ ಅವರು ಚಹಾ ಕುಡಿಯಲು ಹೋದರು. ಮಧುಕೇಶ್ವರ ಕೈಯಲ್ಲಿದ್ದ ಮೊಳೆಯನ್ನು ನೋಡುತ್ತ ನಿಂತ. ಅವನ ಬದುಕಿನಲ್ಲಿ ಅವನದೆನ್ನುವುದು ಅದೊಂದೇ ಇತ್ತು: ಮಂಜು ಕವಿದ ಆ ಊರು, ಕುದುರೆಗಾಡಿಯಿಂದ ಇಳಿಯುವ ಆ ಉದ್ದನೆಯ ಮನುಷ್ಯ. ಹೆಗಡೆ ಇದ್ದರೆ ಸಾಹೇಬ ಸಾಯುತ್ತಾನೆ. ಹೆಗಡೆ ಇಲ್ಲದಿದ್ದರೆ ಸಾಹೇಬನೂ ಉಳಿಯುತ್ತಾನೆ, ಕತೆಯ ಮೇಲೆ ಕಡೆಗೂ ಸರಿಯಾದ ಹೆಸರು ಬೀಳುತ್ತದೆ. ಲೆಕ್ಕ ಅಷ್ಟು ಸರಳವಾಗಿತ್ತು.

ಗ್ರೇಲಿಂಗನ ಕೈಗೆ ಕೊಲೆಗಾರರು ಏಕೆ ಸಿಕ್ಕಿಬೀಳುತ್ತಾರೆ ಎಂದು ಅವನಷ್ಟು ಬಲ್ಲವರು ಯಾರಿದ್ದರು? ಒಬ್ಬ ಚುರುಟಿನ ಬೂದಿ ಬಿಟ್ಟ. ಇನ್ನೊಬ್ಬ ಬೂಟಿನ ಕೆಸರು. ಮತ್ತೊಬ್ಬಳು ಚಹಾದ ಎರಡನೇ ಬಟ್ಟಲು ತೊಳೆಯಲು ಮರೆತಳು. ಅವರೆಲ್ಲರ ತಪ್ಪನ್ನೂ ಮಾಡಿಸಿದವನು ಅವನೇ. ತನ್ನ ಕೆಲಸದಲ್ಲಿ ಅಂಥ ಒಂದನ್ನೂ ಬಿಡಬಾರದೆಂದು ನಿಶ್ಚಯಿಸಿದ.

ಯೋಚನೆಗೆ ಕೂತರೆ ಅವನ ಬಾಯಲ್ಲಿ ಕವಳ ಇರಲೇಬೇಕು. ಕೋಲಸಿರ್ಸಿಯ ಮನೆಯ ಜಗಲಿಯಲ್ಲಿ ಕಂಬಕ್ಕೊರಗಿ, ಎಲೆ ಅಡಿಕೆ ಸುಣ್ಣ ಸೇರಿಸಿ ದವಡೆಗಿಟ್ಟು ಸುಮ್ಮನಾಗಿಬಿಡುತ್ತಿದ್ದ.

"ಕೂತ್ರೆ ಕೂತೇ ಬಿಟ್ಟ," ಎಂದು ಹೆಂಡತಿ ಗಂಗಾ ಗೊಣಗಿದಳು. "ಆ ಕಂಬ ನೋಡಿ ಒಂಚೂರು. ಚಿರತೆ ಮೈ ಆದಾಂಗೆ ಆಯ್ದು."

ಅವನು ಲಂಡನ್ನಿನಲ್ಲಿದ್ದ. ಕೇಳಿಸಲಿಲ್ಲ.

ದಿನ ತಾನಾಗಿ ಕೂಡಿಬಂತು. ಶಿರಸಿಯಲ್ಲಿ ಅವನ ನೆಂಟರ ಮದುವೆ. ಅದೇ ದಿನ ಹೆಗಡೆಯವರ ಹೆಂಡತಿ ವಿನೋದಾ ಯಲ್ಲಾಪುರದ ತವರಿಗೆ ಹೊರಟಿದ್ದರು. ಹುಲೇಕಲ್ಲಿನ ಮನೆಯಲ್ಲಿ ಹೆಗಡೆ ಒಬ್ಬರೇ. ಬೆಳಗಿನ ತಿಂಡಿಗೆ ಮಧುಕೇಶ್ವರ ಮದುವೆಮನೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದ. ಎರಡೂ ಕಡೆಯ ಬೀಗರನ್ನು ಮಾತಾಡಿಸಿದ. ವಾಲಗ ಜೋರಾದ ಹೊತ್ತಿಗೆ ಹಿಂಬಾಗಿಲಿನಿಂದ ಹೊರಬಿದ್ದು ಸೈಕಲ್ಲು ಹತ್ತಿದ. ಬಸ್ಸಾದರೆ ಕಂಡಕ್ಟರ್ ಗುರುತಿಟ್ಟುಕೊಳ್ಳುತ್ತಾನೆ. ಗ್ರೇಲಿಂಗ್ ಮೊದಲು ವಿಚಾರಿಸುವುದೇ ಗಾಡಿಯವರನ್ನು. ಊರು ಹತ್ತಿರವಾದಾಗ ಸೈಕಲ್ಲನ್ನು ಪೊದೆಯಲ್ಲಿ ಮಲಗಿಸಿ ಕಾಲುದಾರಿ ಹಿಡಿದ.

ಪುಸ್ತಕ ಬಿಡುಗಡೆಗೆ ದೊಡ್ಡವರು ಬರುತ್ತಾರೆಂದು ವಿನೋದಾ ಮನೆಯನ್ನೆಲ್ಲ ಒಪ್ಪ ಮಾಡಿಸಿದ್ದರು. ಒಳಜಗಲಿಯ ಹಲಸಿನ ಕಂಬಗಳು ಹೊಸ ಪಾಲಿಶಿನಲ್ಲಿ ಮುಖ ಕಾಣುವಷ್ಟು ಹೊಳೆಯುತ್ತಿದ್ದವು.

"ಓಹೋ, ಬಂದ್ಯನಾ? ಕೂತ್ಗ," ಎಂದರು ಹೆಗಡೆ. "ವಿನೋದಾ ಯಲ್ಲಾಪುರಕ್ಕೆ ಹೋಯ್ದು. ಆಸರಿಗೆ ಕುಡಿಯಲೆ ಎಂತ ಮಾಡ್ಲಿ? ಕವಳದ ಬಟ್ಟಲಂತೂ ಈ ಮನೇಲಿ ಇಲ್ಲೆ. ಬಾಯಿ ಹುಣ್ಣಾಗಿ ಡಾಕ್ಟ್ರು ಬೈದ ಮೇಲೆ ಅದ್ರ ಮುಖ ನೋಡಿದ್ನಿಲ್ಲೆ."

"ಎಂತದೂ ಬ್ಯಾಡ. ಕೊನೆ ಕತೆ ಕಟ್ಟಲೆ ಮೊದಲ್ನೇ ಕತೆ ಒಂದ್ಸಲ ನೋಡವು. ಹಳೇ ಸಂಚಿಕೆ ಅಟ್ಟದ ಮೇಲೆ ಇದ್ದಲಾ?"

"ಇದ್ದು. ತಡೆ, ಏಣಿ ತರ್ತೆ." ಹೆಗಡೆಯವರು ನಕ್ಕರು. "ಅಂತೂ ಕೊಲ್ಲಲೆ ತಯಾರಾದೆ."

"ಹೌದು," ಎಂದ ಮಧುಕೇಶ್ವರ.

ಅವರು ಹಿತ್ತಿಲಿನಿಂದ ಏಣಿ ತರುವಷ್ಟರಲ್ಲಿ ಅವನ ಬಾಯಿ ಒಣಗಿತು. ಕಂಬದ ಬುಡದ ಮಣೆಯಲ್ಲಿ ಕೂತು, ತನ್ನ ಸಂಚಿ ಬಿಚ್ಚಿ ಒಂದು ಕವಳ ಹಾಕಿದ. ಅದರಲ್ಲೂ ಎಚ್ಚರ ತಪ್ಪಲಿಲ್ಲ. ಎಲೆಯ ತೊಟ್ಟು, ಅಡಿಕೆಯ ಚೂರು ಎಲ್ಲವೂ ಸಂಚಿಗೇ ಹೋದವು. ಅಂಗಳಕ್ಕೆ ಉಗುಳದೆ ರಸವನ್ನೆಲ್ಲ ನುಂಗಿದ.

ಹೆಗಡೆಯವರು ಅಟ್ಟಕ್ಕೆ ಹತ್ತಿ, ಸಂಚಿಕೆ ಹಿಡಿದು ಇಳಿಯುವಾಗ ಅವನು ಟವೆಲ್ಲು ಸುತ್ತಿದ ಕೈಗಳಿಂದ ಏಣಿಯನ್ನು ಎಳೆದ. ಕೆಳಗೆ ಕಲ್ಲುಹಾಸು. ಬಿದ್ದವರು ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಆಮೇಲೆ ನೋಡಲಿಲ್ಲ. ಪಕ್ಕದಲ್ಲಿ ಬಿದ್ದ ಸಂಚಿಕೆ ಮೊದಲ ಕತೆಯ ಪುಟಕ್ಕೇ ತೆರೆದುಕೊಂಡಿತ್ತು. ಅದರ ಮೇಲೂ ಅವರದೇ ಹೆಸರು.

ಬಾಗಿಲು, ಚಿಲಕ, ಕೂತ ಮಣೆ ಎಲ್ಲವನ್ನೂ ಒರೆಸಿ ಅವನು ಹೊರಬಿದ್ದ. ಮದುವೆಮನೆ ಮುಟ್ಟಿದಾಗ ಊಟಕ್ಕೆ ಮುಂಚೆ ಎಲ್ಲರೂ ಕಾಲು ತೊಳೆಯುತ್ತಿದ್ದರು. ದಾರಿಯ ಕೆಂಪು ಧೂಳು ಎಲ್ಲರ ಧೂಳಿನ ಜೊತೆ ಚರಂಡಿಗೆ ಹೋಯಿತು. ಕೊನೆಯ ಪಂಕ್ತಿಯಲ್ಲಿ ಬಡಿಸುತ್ತಿದ್ದವನು ಎಲ್ಲರಿಗೂ ಕೇಳುವಂತೆ ಕೂಗಿದ: "ಎಂತದಾ ಭಟ್ಟಾ, ಬೆಳಗಿಂದ ಇಲ್ಲೇ ಹೊಂಚು ಹಾಕಿ ಕೂತಿದ್ಯನಾ? ಹೋಳಿಗೆ ಖಾಲಿ ಆದದ್ದು ನಿನ್ನಿಂದ್ಲೇ!" ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಗ್ರೇಲಿಂಗನ ಯಾವ ಕತೆಯಲ್ಲೂ ಅವನು ಕಟ್ಟಿರಲಿಲ್ಲ.

ಏಣಿ ಜಾರಿ ಸತ್ತರು ಎಂದು ಊರು ಅತ್ತಿತು. ವೈಕುಂಠ ಸಮಾರಾಧನೆಯೂ ಮುಗಿಯಿತು. ಪತ್ರಿಕೆಯನ್ನು ತಾನು ನಡೆಸುತ್ತೇನೆ, ಸಾಹೇಬನ ಕತೆ ತಾನು ಬರೆಯುತ್ತೇನೆ ಎಂದು ಮಧುಕೇಶ್ವರ ಪ್ರೆಸ್ಸಿನಲ್ಲಿ ಹೇಳಿದ. ಅಲ್ಲಿದ್ದವರು ಕನಿಕರದಿಂದ ನೋಡಿದರು. "ಹೆಗಡೇರ ಕೈ ನಿಂಗೆ ಬತ್ತನಾ ಮಾರಾಯಾ? ಅವ್ರ ಜೊತಿಗೇ ಆ ಸಾಹೇಬನೂ ಹೋದ." ಇಷ್ಟು ಕಾಲ ಬರೆದದ್ದೂ ತಾನೇ ಎಂದರೆ, ಸತ್ತವರ ಮೇಲೆ ಹೀಗೆ ಹೇಳಬಾರದು ಎಂದರು. ಆ ಕತೆಗಳು ಯಾರವೆಂದು ಬಲ್ಲ ಒಬ್ಬನೇ ಮನುಷ್ಯನನ್ನು ತಾನು ಏಣಿಯಿಂದ ಕೆಡವಿದ್ದೇನೆ ಎಂದು ಅವನಿಗೆ ಹೊಳೆದದ್ದು ಆಗ. ಮತ್ತೆ ಮೊಳೆ ಮುಟ್ಟಲು ಅವನಿಗೆ ಮನಸ್ಸು ಬರಲಿಲ್ಲ.

ಹಾಗಿರುವಾಗ ಇನ್ಸ್‌ಪೆಕ್ಟರ್ ಮುರಿಗೆಪ್ಪ ಕೋಲಸಿರ್ಸಿಗೆ ಬಂದರು. ಹಾವೇರಿ ಕಡೆಯವರು. ಜಗಲಿಯಲ್ಲಿ ಕೂತು ಟೊಪ್ಪಿಗೆ ತೆಗೆದಿಟ್ಟರು.

"ಹಂಗ ಬಂದೆ ಭಟ್ರ. ಗ್ರೇಲಿಂಗ್ ಸಾಹೇಬನ ಒಂದ್ ಕತಿನೂ ನಾ ಬಿಟ್ಟಿಲ್ರಿ. ಆ ಸಾಹೇಬ ಹೆಗಡೆಯವ್ರ ಮನಿಗೆ ಬಂದಿದ್ರ ಏನ್ ನೋಡತಿದ್ದ ಅಂತೀರಿ?"

"ಬೂದಿ ನೋಡ್ತಿದ್ದ. ಹೆಜ್ಜೆ ಗುರುತು. ಲೋಟ."

"ಎಲ್ಲಾ ನೋಡೇನ್ರಿ. ಏನೂ ಇಲ್ಲ. ಚಿಲಕದ ಮ್ಯಾಲೆ ಹೆಗಡೆಯವ್ರದೂ ಬೆರಳ ಗುರುತಿಲ್ಲ. ಅವ್ರು ತಮ್ಮ ಮನಿ ಬಾಗಲಾ ತಾವ ಮುಟ್ಟತಿದ್ದಿಲ್ಲೇನ್ರಿ?" ಇನ್ಸ್‌ಪೆಕ್ಟರ್ ನಕ್ಕರು. "ಈ ಸಾಹೇಬನ ವಿಷಯ ನಿಮಗ ಭಾಳ ಗೊತ್ತದ ಬಿಡ್ರಿ."

"ಗೊತ್ತಿರದೆ ಏನು? ಆ ಕತೆ ಎಲ್ಲ ಕಟ್ಟಿದವ ನಾನೇ." ಮಾತು ಬಾಯಿಂದ ಜಾರಿಹೋಯಿತು. "ಒಂದೊಂದು ಅಕ್ಷರವೂ ನನ್ನದು."

"ನಂಬತೇನ್ರಿ," ಎಂದರು ಮುರಿಗೆಪ್ಪ ಮೆಲ್ಲಗೆ. "ಖರೇನ ನಂಬತೇನಿ."

ಕಡೆಗೂ ಒಬ್ಬರು ನಂಬಿದ್ದರು. ಮಧುಕೇಶ್ವರನ ಕಣ್ಣು ತುಂಬಿತು, ಕೈ ತಾನಾಗಿ ಸಂಚಿಗೆ ಹೋಯಿತು. ತೊಟ್ಟು ಮುರಿದು, ತೋರುಬೆರಳಿನಲ್ಲಿ ಎಲೆಗೆ ಸುಣ್ಣ ಸವರಿ, ಬೆರಳಿಗಂಟಿ ಉಳಿದ ಸುಣ್ಣವನ್ನು ಒರಗಿದ್ದ ಕಂಬಕ್ಕೆ ಒತ್ತಿದ. ಹುಟ್ಟಿದಾಗಿನಿಂದ ಉಸಿರಾಡಿದಷ್ಟೇ ಸಲೀಸಾಗಿ, ಒತ್ತಿದೆನೆಂದು ತನಗೇ ತಿಳಿಯದ ಹಾಗೆ. ಮುರಿಗೆಪ್ಪ ಮುಂದಕ್ಕೆ ಬಾಗಿದರು. ಅವರ ಕಣ್ಣು ಆ ಹಸಿ ಬೊಟ್ಟಿನಿಂದ ಮೇಲಕ್ಕೆ, ಒಣಗಿದ ಹಳೆಯ ನೂರಾರು ಬಿಳಿ ಬೊಟ್ಟುಗಳ ಮೇಲೆ ನಿಧಾನಕ್ಕೆ ಹತ್ತಿತು. "ಯಲ್ಲಾಪುರಕ್ಕ ಹೊರಡೂ ಮುಂಜಾನೆ ವಿನೋದಾ ಅಮ್ಮಾರು ತಮ್ಮ ಹೊಸಾ ಕಂಬಾ ಒರಸಿ ಹೋಗಿದ್ರಂತ," ಎಂದರು. ಮಧುಕೇಶ್ವರ ತನ್ನ ಬೆರಳು ನೋಡಿಕೊಂಡ. ಲಂಡನ್ನಿನಲ್ಲಿ ಯಾರೂ ಕವಳ ಹಾಕುತ್ತಿರಲಿಲ್ಲ. ಗ್ರೇಲಿಂಗನ ಯಾವ ಕತೆಯಲ್ಲೂ ಅವನು ಅದನ್ನು ಬರೆದಿರಲಿಲ್ಲ. ಹುಲೇಕಲ್ಲಿನಲ್ಲಿ, ಮುಖ ಕಾಣುವಂತೆ ಹೊಳೆಯುವ ಆ ಹಲಸಿನ ಕಂಬದ ಮೇಲೆ, ಕೂತವನ ಭುಜದ ಎತ್ತರಕ್ಕೆ ಒಂದೇ ಒಂದು ಸುಣ್ಣದ ಬೊಟ್ಟು ಅಚ್ಚೊತ್ತಿದ ಹಾಗೆ ಒಣಗಿ ನಿಂತಿತ್ತು, ಅವನ ಬೆರಳಿನ ಒಂದು ಗೆರೆಯೂ ಅಳಿಸದೆ.