ಮಧ್ಯಾಹ್ನ ಏಳದ ಗೇಟು

ಮೀನು ತುಂಬಿದ ಲಾರಿಗಳು ಅಂದೂ ಗೇಟಿನ ಮುಂದೆ ಸಾಲುಗಟ್ಟಿ ನಿಂತಿದ್ದವು. ಕಾವ್‌ಷಿಯುಂಗ್ ಬಂದರಿನ ಮೀನುಗಾರರ ಸಂಘದ ಕೋಲ್ಡ್ ಸ್ಟೋರೇಜಿನಲ್ಲಿ, ಬಂದ ಲಾರಿಗೆ ಯಾವ ಕೋಣೆಯಲ್ಲಿ ಜಾಗವಿದೆಯೆಂದು ಡೇಟಾಬೇಸ್ ಹೇಳಬೇಕು, ಆ ಕೋಣೆಯ ಲೆಕ್ಕದಲ್ಲಿ ಅಷ್ಟು ಜಾಗ ಕಳೆಯಬೇಕು, ಆಮೇಲೆ ಗೇಟಿನ ಅಡ್ಡಕೋಲು ಏಳಬೇಕು. ಒಂದು ತಿಂಗಳಿಂದ ಮಧ್ಯಾಹ್ನವಾದರೆ ಸಾಕು, ಡೇಟಾಬೇಸ್ ಉಸಿರೆತ್ತುತ್ತಿರಲಿಲ್ಲ.

"ಏನ್ ಥಾಂಗ್ ಸಾಹೇಬ್ರೇ, ನಿಮ್ಮ ಯಂತ್ರಕ್ಕೆ ದಿನಾ ಮಧ್ಯಾಹ್ನ ದೆವ್ವ ಮೆಟ್ಕೊಳತ್ತಾ?" ಎಂದು ಲಾರಿ ಚಾಲಕ ಅಹಾಯ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ಐಸ್ ಕರಗಿ ನನ್ನ ಮೀನು ಮತ್ತೆ ಈಜೋಕೆ ಶುರು ಮಾಡ್ತು!"

ಉಳಿದ ಚಾಲಕರು ಗೊಳ್ಳೆಂದು ನಕ್ಕರು. ಉಪ ವ್ಯವಸ್ಥಾಪಕ ಥಾಂಗ್ ಚಿನ್‌ಫಾನ ಕಿವಿ ಕೆಂಪೇರಿತು. ಹೊಟ್ಟೆಗಿಲ್ಲದಿದ್ದರೂ ಸಹಿಸಿಯಾನು, ನಾಲ್ಕು ಜನರ ಮುಂದೆ ನಗೆಪಾಟಲಾಗುವುದನ್ನು ಆತ ಸಹಿಸಲಾರ. ಅವತ್ತೇ ಹೋಗಿ ಸಿಯುಫೆಂಗ್ ಅಕ್ಕನನ್ನು ಕರೆತಂದ.

ಬಂದರಿನಲ್ಲಿ ಯಾರ ಸರ್ವರ್ ಮುನಿಸಿಕೊಂಡರೂ ಬುಲಾವು ಹೋಗುತ್ತಿದ್ದುದು ಸಿಯುಫೆಂಗ್ ಅಕ್ಕನಿಗೇ. ಎಷ್ಟೋ ಕಂಪನಿಗಳ ಡೇಟಾಬೇಸ್‌ಗಳನ್ನು ಸಾಕಿ ಸಲಹಿ ನಿವೃತ್ತಳಾದ ಹೆಂಗಸು. ಅವಳ ಪತ್ತೇದಾರಿಕೆಗೆಲ್ಲ ಥಾಂಗ್ ಜೊತೆಗಾರ. ಫ್ಲಾಸ್ಕ್ ಹಿಡಿದು ಹಿಂದೆ ಹಿಂದೆ ಓಡಾಡುತ್ತಿದ್ದ ಅವನನ್ನು ಜನ "ಅಕ್ಕನ ಬಾಲ" ಎಂದು ಚುಡಾಯಿಸುತ್ತಿದ್ದರು. ಅವನಿಗೆ ಅದೂ ಒಂದು ಹೆಮ್ಮೆಯೇ.

"ಇದ್ರಲ್ಲಿ ಪತ್ತೆ ಮಾಡೋಕೇನಿಲ್ಲ ಅಕ್ಕ," ಎಂದ ಸರ್ವರ್ ಕೋಣೆಯ ಬಾಗಿಲಲ್ಲೇ. "ಹೋದ ತಿಂಗಳು ಈ ಪೇಚುನ್ ಕೈಗೆ ಸರ್ವರ್ ಕೊಟ್ವಿ, ಹೋದ ತಿಂಗಳೇ ಕಾಟ ಶುರುವಾಯ್ತು. ಕೆಲಸ ಕಲಿಸಿದೋನೇ ನಾನು, ನನಗೆ ಮರ್ಯಾದೆ ಹೋಗ್ತಿದೆ. ನೋಡಿ, ಯಂತ್ರದ ಮೇಲಿಟ್ಟಿರೋ ಕುರುಕಲು ಪೊಟ್ಟಣದ ತಾರೀಖೂ ಮುಗಿದಿದೆ! ಹಸಿರು ಪೊಟ್ಟಣ ಬದಲಾಯಿಸೋಕೂ ಬಾರದೋಳು ಸರ್ವರ್ ನೋಡ್ಕೋತಾಳಾ?"

ಯಂತ್ರ ತಂಟೆ ಮಾಡದಿರಲಿ ಎಂದು ಅದರ ನೆತ್ತಿಯ ಮೇಲೆ ತಾರೀಖು ಮುಗಿಯದ ಹಸಿರು ಕುರುಕಲು ಪೊಟ್ಟಣ ಇಡದ ಸರ್ವರ್ ಕೋಣೆ ಆ ಊರಲ್ಲೇ ಇರಲಿಲ್ಲ. ಪೇಚುನ್ ತಲೆ ತಗ್ಗಿಸಿ ಪೊಟ್ಟಣವನ್ನು ಕೈಗೆತ್ತಿಕೊಂಡಳು. ಇಪ್ಪತ್ತೈದರ ಆಸುಪಾಸಿನ, ಮಾತು ಕಡಿಮೆಯ ಹುಡುಗಿ.

"ಪೊಟ್ಟಣ ಹಾಗಿರಲಿ ಮಗಾ," ಎಂದಳು ಸಿಯುಫೆಂಗ್. "ಗೇಟು ನಿಂತಾಗ ಯಂತ್ರ ಏದುಸಿರು ಬಿಡ್ತಿರತ್ತಾ?"

"ಇಲ್ಲ ಅಕ್ಕ. ಏನೂ ಕೆಲಸಾನೇ ಇಲ್ದಿರೋ ಹಾಗೆ ತಣ್ಣಗಿರತ್ತೆ. ಡಿಸ್ಕಲ್ಲಿ ಬೇಕಾದಷ್ಟು ಜಾಗ ಇದೆ. ಬ್ಯಾಕಪ್ ನಡೆಯೋದು ಬೆಳಗಿನ ಜಾವ. ಇಂಡೆಕ್ಸ್ ಎಲ್ಲಾ ಸರಿಯಾಗಿದೆ, ಬೆಳಗ್ಗೆ ಕೇಳಿದ್ರೆ ಕೇಳಿದ ತಕ್ಷಣ ಉತ್ತರ ಕೊಡತ್ತೆ."

"ಆಮೇಲೆ ಹೇಗೆ ಸರಿಹೋಗತ್ತೆ?"

"ತಾನಾಗೇ. ಊಟ ಆದ್ಮೇಲೆ ಕಚೇರೀಲಿ ಎಲ್ರೂ ದೀಪ ಆರಿಸಿ ಮಲಗ್ತಾರಲ್ಲ, ಆ ನಿದ್ದೆ ಮುಗಿದು ದೀಪ ಹಾಕಿದ ಸ್ವಲ್ಪ ಹೊತ್ತಿಗೆ."

"ಸೋಮವಾರ ಮಾತ್ರ ಇವಳು ಇಡೀ ಸರ್ವರನ್ನೇ ನಿಲ್ಲಿಸಿ ಮತ್ತೆ ಶುರು ಮಾಡಿದ್ಲು," ಎಂದು ಥಾಂಗ್ ನಡುವೆ ಬಾಯಿ ಹಾಕಿದ. "ಗೇಟೇನೋ ಎದ್ದಿತು. ಆದ್ರೆ ಊಟಕ್ಕೆ ಮೊದಲು ಕೂತು ನಾನು ತಿದ್ದಿದ್ದ ಕೋಣೆಗಳ ಲೆಕ್ಕ ನೀರಲ್ಲಿ ಹೋಮ!"

ಅಕ್ಕ ಕುಡಿಯುತ್ತಿದ್ದ ಚಹಾ ಕೆಳಗಿಟ್ಟಳು. "ಬೇರೆ ಯಾರ ಕೆಲಸಾನಾದ್ರೂ ಅಳಿಸಿಹೋಯ್ತಾ?"

"ಇಲ್ಲ, ನನ್ನದೊಂದೇ. ನನ್ನ ಹಣೆಬರಹ."

"ಕೋಣೆ ಲೆಕ್ಕ ತಿದ್ದೋದು ಮೊದಲಿಂದ್ಲೂ ನಿನ್ನ ಕೆಲಸಾನಾ?"

"ಎಲ್ಲಿ ಬಂತು! ಹಳೇ ಗುಮಾಸ್ತ ಹೋದ ತಿಂಗಳು ನಿವೃತ್ತಿಯಾದ, ನನ್ನ ತಲೆಗೆ ಕಟ್ಟಿದ್ರು."

ಸಿಯುಫೆಂಗ್ ಹುಡುಗಿಯ ಕಡೆ ತಿರುಗಿದಳು. "ಇಡೀ ಸರ್ವರ್ ಯಾಕೆ ನಿಲ್ಲಿಸ್ದೆ? ಯಾರಿಗೋಸ್ಕರ ಯಾರು ಕಾಯ್ತಿದಾರೆ ಅಂತ ಡೇಟಾಬೇಸನ್ನೇ ಕೇಳಬಹುದಿತ್ತಲ್ಲ? ಅಡ್ಡ ಕೂತ ಒಬ್ಬರನ್ನ ಎಬ್ಬಿಸಿ ಕಳಿಸಿದ್ರೆ ಮುಗೀತಿತ್ತು."

"ತೋಚಲಿಲ್ಲ ಅಕ್ಕ," ಎಂದಳು ಪೇಚುನ್. ಅವಳ ಕೈಯಲ್ಲಿದ್ದ ಪೊಟ್ಟಣ ಚರಪರ ಸದ್ದು ಮಾಡಿತು.

"ಕೇಳಿದ್ರಾ? ತೋಚಲಿಲ್ಲವಂತೆ!" ಎಂದ ಥಾಂಗ್.

"ಬುಧವಾರ ಗೇಟು ನಿಲ್ಲಲೇ ಇಲ್ಲವಂತೆ?" ಎಂದು ಅಕ್ಕ ಹುಡುಗಿಯನ್ನು ಕೇಳಿದಳು.

"ಅವತ್ತು ಬೆಂಕಿ ನಂದಿಸೋ ಅಣಕು ಕವಾಯತು. ಯಾರಿಗೂ ಮಧ್ಯಾಹ್ನದ ನಿದ್ದೆ ಇರಲಿಲ್ಲ," ಎಂದಳು ಪೇಚುನ್.

ಸಿಯುಫೆಂಗ್ ಅಕ್ಕನ ಮುಖ ಸಪ್ಪಗಾಯಿತು. ಇಷ್ಟು ವರ್ಷದಲ್ಲಿ ಗುಟ್ಟು ಸಿಕ್ಕಾಗಲೆಲ್ಲ ತೊಡೆ ತಟ್ಟಿ ನಗುತ್ತಿದ್ದವಳು ಅಂದು ನಗಲಿಲ್ಲ. ಮೆಟ್ಟಿಲ ಬಳಿ ಥಾಂಗ್‌ನ ತೋಳು ಹಿಡಿದು ನಿಲ್ಲಿಸಿದಳು.

"ಚಿನ್‌ಫಾ, ಇದನ್ನ ನಾವು ಮೂರೇ ಜನ ಬಾಗಿಲು ಹಾಕ್ಕೊಂಡು ಮುಗಿಸೋಣ ಕಣೋ."

"ಅದ್ಯಾಕಕ್ಕ? ನಾಳೆ ಅಧ್ಯಕ್ಷರು ಅವಳನ್ನ ಕೆಲಸದಿಂದ ತೆಗೀತಾರೆ. ತೆಗೀರಿ ಅಂದೋನೂ ನಾನೇ. ಚಾಲಕರೂ ಬರಲಿ, ತಪ್ಪು ಯಾರದ್ದು ಅಂತ ಎಲ್ರೂ ಕೇಳಲಿ."

"ಎಲ್ಲರ ಮುಂದೆ? ಖಂಡಿತಾನಾ?"

"ಖಂಡಿತ."

"ಸರಿ. ಆಮೇಲೆ ನನ್ನ ಬೈಬೇಡ," ಎಂದು ಅಕ್ಕ ನಿಟ್ಟುಸಿರು ಬಿಟ್ಟಳು. ಅವಳಿಗೆ ವಯಸ್ಸಾಯಿತು, ಮನಸ್ಸು ಮೆತ್ತಗಾಗಿದೆ ಎಂದುಕೊಂಡ ಥಾಂಗ್. ಪುಣ್ಯಾತ್ಮ!

ಮರುದಿನ ಬೆಳಗ್ಗೆ ಕಚೇರಿಯಲ್ಲಿ ಎಲ್ಲರೂ ಸೇರಿದರು. ಅಧ್ಯಕ್ಷ ಪಾನ್ ಮುಂದೆ ಕುಳಿತರು. ಗೋಡೆಗೊರಗಿ ಅಹಾಯ್ ಮತ್ತವನ ಜೊತೆಯವರು ನಿಂತರು. ಪೇಚುನ್ ಆಗಲೇ ತನ್ನ ಮೇಜು ಖಾಲಿ ಮಾಡಿ, ಬಟ್ಟಲು ಚಪ್ಪಲಿಗಳನ್ನು ಚೀಲಕ್ಕೆ ತುಂಬಿಕೊಂಡಿದ್ದಳು. ಥಾಂಗ್ ಎಂದಿನಂತೆ ಅಕ್ಕನ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ.

"ನೀವೆಲ್ಲ ಒಂದೇ ಪ್ರಶ್ನೆ ಕೇಳ್ತಿದ್ರಿ," ಎಂದು ಸಿಯುಫೆಂಗ್ ಶುರು ಮಾಡಿದಳು. "ಮಧ್ಯಾಹ್ನ ಯಾರು ಏನು ಮಾಡೋದ್ರಿಂದ ಯಂತ್ರ ನಿಲ್ಲತ್ತೆ ಅಂತ. ಆದ್ರೆ ಆಗ ಎಲ್ರೂ ದೀಪ ಆರಿಸಿ ಮೇಜಿನ ಮೇಲೆ ತಲೆ ಇಟ್ಟು ಮಲಗಿರ್ತೀರಿ. ಯಂತ್ರಾನೂ ತಣ್ಣಗಿತ್ತು. ಅಂದ್ರೆ ಅದು ಕೆಲಸದ ಭಾರಕ್ಕೆ ನಿಂತಿದ್ದಲ್ಲ, ಯಾರಿಗೋ ಕಾಯ್ತಾ ನಿಂತಿದ್ದು. ಡೇಟಾಬೇಸಲ್ಲಿ ಒಂದು ಸಾಲು ತಿದ್ದಿದೋರು ಕೊನೇಲಿ 'ಕಮಿಟ್' ಅನ್ನಬೇಕು, ಅಂದ್ರೆ 'ಇದು ಖಾಯಂ' ಅಂತ ಒಪ್ಪಿಸ್ಬೇಕು. ಅಲ್ಲೀವರೆಗೂ ಆ ಸಾಲಿಗೆ ಬೀಗ. ಬೇರೆಯವರು ತಿದ್ದೋ ಹಾಗಿಲ್ಲ. ಕೋಣೆ ಲೆಕ್ಕಕ್ಕೆ ಬೀಗ ಬಿದ್ರೆ ಗೇಟು ಎಲ್ಲಿಂದ ಏಳತ್ತೆ?"

"ಹಾಗಾದ್ರೆ ಬೀಗ ಹಾಕಿದೋರು?" ಎಂದರು ಪಾನ್.

"ಮಲಗಿದ್ದೋರು. ಊಟಕ್ಕೆ ಮೊದಲು ತಿದ್ದಿ, ಒಪ್ಪಿಸದೆ ಬಿಟ್ಟು, ಎದ್ದ ಮೇಲೆ ಒಪ್ಪಿಸೋರು. ಅದಕ್ಕೇ ದೀಪ ಹಾಕಿದ ಮೇಲೆ ಗೇಟು ಏಳತ್ತೆ. ಅದಕ್ಕೇ ನಿದ್ದೆ ಇಲ್ಲದ ಬುಧವಾರ ತೊಂದ್ರೆ ಇರಲಿಲ್ಲ. ಸರ್ವರ್ ನಿಲ್ಲಿಸಿದ್ರೆ, ಒಪ್ಪಿಸದೆ ಬಿಟ್ಟಿರೋದು ಅಳಿಸಿಹೋಗತ್ತೆ. ಸೋಮವಾರ ಅಳಿಸಿಹೋಗಿದ್ದು ಒಬ್ಬರದ್ದೇ ಕೆಲಸ."

ಥಾಂಗ್‌ನ ಕಾಲಡಿಯ ನೆಲ ಸರಿದಂತಾಯಿತು. ನಿದ್ದೆಗಣ್ಣಲ್ಲಿ ಮಾಡಿದ ತಪ್ಪು ಉಳಿಯಬಾರದೆಂದು, ಊಟಕ್ಕೆ ಮೊದಲು ತಿದ್ದಿ, ಮಲಗಿ ಎದ್ದು, ತಾಜಾ ಕಣ್ಣಲ್ಲಿ ಮತ್ತೊಮ್ಮೆ ನೋಡಿ ಒಪ್ಪಿಸುವುದು ಅವನ ಕಟ್ಟುನಿಟ್ಟು. ಜಾಗ್ರತೆಯೆಂದರೆ ಇದು ಎಂದು ಊರಿಗೆಲ್ಲ ಬೋಧಿಸಿದ್ದ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದವನ ಕತೆಯಾಯಿತು.

"ನಾನೇ," ಎಂದ. ಒಂದು ಹೆಜ್ಜೆ ಮುಂದೆ ಬಂದ. ಮತ್ತೆ ಹೇಳಿದ, "ನಾನೇ ಅದು."

ಯಾರೂ ನಗಲಿಲ್ಲ. ಅಹಾಯ್ ಕೂಡ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ.

"ಇನ್ನೊಂದು ಉಳೀತು," ಎಂದಳು ಅಕ್ಕ. "ಒಬ್ಬರ ಬೀಗ ಬಿಡಿಸೋಕೆ ಇಡೀ ಸರ್ವರ್ ನಿಲ್ಲಿಸೋದು ಗೊತ್ತಿಲ್ಲದೋರ ಕೆಲಸ, ಇಲ್ಲಾ ಮುಚ್ಚಿಡೋರ ಕೆಲಸ. ಈ ಹುಡುಗಿ ನನ್ನ ಒಂದೊಂದು ಪ್ರಶ್ನೆಗೂ ತಡವರಿಸದೆ ಉತ್ತರ ಕೊಟ್ಲು. ಗೊತ್ತಿಲ್ಲದೋಳಲ್ಲ. ಪೇಚುನ್, ಕಾಯೋರಿಗೆ ಅಡ್ಡ ಕೂತಿರೋರ ಹೆಸರು ಯಾವುದು ಅಂತ ನೋಡಿದ್ದೆ ತಾನೇ?"

ಪೇಚುನ್ ಹೌದೆಂದು ತಲೆಯಾಡಿಸಿದಳು. "ಮೊದಲನೇ ವಾರಾನೇ ನೋಡ್ದೆ. ಒಬ್ಬರನ್ನೇ ಹೊರಗೆ ಹಾಕಿದ್ರೆ ಅವರ ಹೆಸರು ದಾಖಲೆಯಲ್ಲಿ ಉಳಿಯತ್ತೆ, ಅಧ್ಯಕ್ಷರು ಓದ್ತಾರೆ ಅಂತ..."

"ಅಯ್ಯೋ, ನನಗೇ ಬಂದು ಹೇಳಬಾರದಿತ್ತಾ?" ಎಂದ ಥಾಂಗ್.

"ಬಂದಿದ್ದೆ ಗುರುಗಳೇ. 'ಯಂತ್ರ ನೋಡ್ಕೊ ಹೋಗು, ನನಗೆ ಪಾಠ ಹೇಳ್ಬೇಡ' ಅಂದ್ರಿ."

ಹೌದು, ಅಂದಿದ್ದ. ಅಂದು ಅವಳ ಮುಖವನ್ನೂ ನೋಡಿರಲಿಲ್ಲ. ಅನ್ನ ಕಿತ್ತುಕೊಳ್ಳಲು ಹೊರಟವನ ಮಾನವನ್ನು ಈ ಹುಡುಗಿ ಒಂದು ತಿಂಗಳು ತನ್ನ ಮೈಮೇಲೆ ಹೊದ್ದು ಕಾದಿದ್ದಳು. ನಾಚಿಕೆಯಿಂದ ಥಾಂಗ್‌ನ ಮೈಯೆಲ್ಲ ಸುಟ್ಟಿತು. ನೆಲ ಬಾಯ್ಬಿಟ್ಟರೆ ಸಾಕು ಎಂದು ಜನ ಯಾಕೆ ಹೇಳುತ್ತಾರೆಂದು ಅವನಿಗೆ ಅಂದು ಗೊತ್ತಾಯಿತು.

ಅವನು ಅಧ್ಯಕ್ಷರ ಕಡೆ ನೋಡಲಿಲ್ಲ, ಅಕ್ಕನ ಕಡೆಯೂ ನೋಡಲಿಲ್ಲ. ಚೀಲ ಹಿಡಿದು ನಿಂತಿದ್ದ ಪೇಚುನ್ ಎದುರಿಗೆ ಹೋಗಿ, ಕೈಗಳನ್ನು ಮೈಗೆ ಅಂಟಿಸಿ, ಸೊಂಟದವರೆಗೂ ಬಾಗಿ ನಿಂತ.

ಹುಡುಗಿ ಗಾಬರಿಯಾದಳು. ಬೇರೆಯವರಿಗೆ ಕೇಳದಂತೆ ಬಗ್ಗಿ ಪಿಸುಗುಟ್ಟಿದಳು: "ಗುರುಗಳೇ, ಏಳಿ. ಎಲ್ರೂ ನೋಡ್ತಿದಾರೆ."

"ನೋಡ್ಲಿ," ಎಂದ ಥಾಂಗ್. ತಲೆ ಎತ್ತಲಿಲ್ಲ.